ಮಡಚುವ ಪೆಟ್ಟಿಗೆಗಳು, ಉಳಿಯುವ ಕೊಂಡಿಗಳು: ಪೆಟ್ಟಿಗೆಯೊಳಗೆ ಪೆಟ್ಟಿಗೆಯಿರುವ ಗ್ರಾಫ್ ಚಿತ್ರಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಉತ್ತರದ ಗುಡ್ಡಗಳಲ್ಲಿ, ಬಾಯಾರು, ಪೆರ್ಲ, ಶೇಣಿಯ ಕಡೆ, ಒಂದೇ ಒಂದು ಬೈಲಿನ (ಗುಡ್ಡಗಳ ನಡುವಿನ ತಗ್ಗಿನ) ನೀರಿನ ಏರ್ಪಾಡನ್ನು ಚಿತ್ರಕ್ಕೆ ಇಳಿಸಲು ಕುಳಿತರೂ ಕಾಗದ ಬೇಗ ತುಂಬಿಹೋಗುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ಅಲ್ಲಿಂದ ಯಾವ ಯಂತ್ರವೂ ಇಲ್ಲದೆ ಇಳಿಜಾರಿನಲ್ಲಿ ಹರಿದು ಬರುವ ನೀರು, ಅದನ್ನು ಹಿಡಿಯುವ ಟಾಂಕಿ, ಟಾಂಕಿ ತುಂಬಿದ ಮೇಲೆ ಕೆಳಗಿನವರ ಕೆರೆಗೆ ಹೋಗುವ ಹೆಚ್ಚುವರಿ ನೀರು, ಅಡಿಕೆ ತೋಟದ ಬಸಿಗಾಲುವೆ, ಕೊನೆಗೆ ತೋಡು (ಹಳ್ಳ). ಇದರ ಮೇಲೆ ಬಾವಿ, ಪಂಪು, ವಿದ್ಯುತ್ ಮೀಟರು. ಶಾಲೆಯ ಮಕ್ಕಳ ಯೋಜನೆಗಾಗಲಿ, ಪಂಚಾಯತಿನ ಜಲ ಲೆಕ್ಕಕ್ಕಾಗಲಿ ಇಂಥ ಚಿತ್ರ ಬೇಕಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ತೋರಿಸಿದರೆ ಏನೂ ಕಾಣಿಸುವುದಿಲ್ಲ. ಆದ್ದರಿಂದ ತೋಟವನ್ನು ಒಂದು ಪೆಟ್ಟಿಗೆ ಮಾಡಿ, ಬೇಡವಾದಾಗ ಮಡಚಿ, ಬೇಕಾದಾಗ ಬಿಚ್ಚುವ ಚಿತ್ರವೇ ಸರಿ.

ಚೌಕಗಳನ್ನೂ ಅವುಗಳ ನಡುವಿನ ಕೊಂಡಿಗಳನ್ನೂ ತೋರಿಸುವ ಇಂಥ ಚಿತ್ರಕ್ಕೆ ಗ್ರಾಫ್ ಎಂದು ಹೆಸರು. ಅದರಲ್ಲಿ ಪೆಟ್ಟಿಗೆ ಮಡಚುವುದು ಸುಲಭ. ಒಳಗಿನ ಚೌಕಗಳನ್ನು ಮರೆಮಾಡಿದರೆ ಆಯಿತು. ಕಷ್ಟ ಇರುವುದು ಕೊಂಡಿಗಳಲ್ಲಿ. ಒಳಗಿದ್ದ ಟಾಂಕಿಯಿಂದ ಹೊರಗಿನ ಕೆರೆಗೆ ಹೋಗುತ್ತಿದ್ದ ಕೊಂಡಿ ಈಗ ಎಲ್ಲಿಂದ ಹೊರಡಬೇಕು? ಐದು ಕೊಂಡಿಗಳು ಒಂದೇ ಕಡೆಗೆ ಹೋಗುತ್ತಿದ್ದರೆ ಐದು ಗೆರೆಯೋ ಒಂದು ಗೆರೆಯೋ? ಚಿತ್ರ ನೋಡಿದವರು ಅಲ್ಲಿ ಇಲ್ಲದ ನೀರಿನ ದಾರಿಯನ್ನು ಇದೆ ಎಂದು ತಿಳಿದರೆ ಹೊಣೆ ಯಾರದು? ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕಟ್ಟಿಕೊಳ್ಳುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಸ್ವಂತವಾಗಿ ಪ್ರೋಗ್ರಾಂ ಬರೆಯುವವರಿಗೂ ಸಿದ್ಧ ತಂತ್ರಾಂಶ ಬಳಸುವವರಿಗೂ ಇದು ಅನ್ವಯಿಸುತ್ತದೆ.

ಎಲ್ಲಕ್ಕಿಂತ ಮೊದಲು: ಕೊಂಡಿ ಬೇರೆ, ಗೆರೆ ಬೇರೆ

ಈ ಬರಹದುದ್ದಕ್ಕೂ ‘ಕೊಂಡಿ’ ಎಂದರೆ ದಾಖಲೆಯಲ್ಲಿರುವ ಸಂಬಂಧ. ಟಾಂಕಿಯಿಂದ ಕೆರೆಗೆ ನೀರು ಹೋಗುತ್ತದೆ ಎಂಬುದು ಕೊಂಡಿ. ‘ಗೆರೆ’ ಎಂದರೆ ಪರದೆಯ ಮೇಲೆ ಈ ಕ್ಷಣದಲ್ಲಿ ಎಳೆದಿರುವುದು. ಪೆಟ್ಟಿಗೆಯನ್ನು ಮಡಚಿದಾಗ ಗೆರೆ ಬದಲಾಗಬಹುದು, ಮಾಯವಾಗಬಹುದು, ಇನ್ನೊಂದರೊಡನೆ ಸೇರಬಹುದು. ಕೊಂಡಿ ಮಾತ್ರ ಒಂದಿಷ್ಟೂ ಬದಲಾಗಬಾರದು.

ಮಡಚುವಾಗ ಕೊಂಡಿಯ ತುದಿಯನ್ನೇ ಟಾಂಕಿಯಿಂದ ಕಿತ್ತು ತೋಟದ ಪೆಟ್ಟಿಗೆಗೆ ಕಟ್ಟುವುದು, ಬಿಚ್ಚುವಾಗ ಮತ್ತೆ ಟಾಂಕಿಗೆ ಕಟ್ಟುವುದು ಎಂಬ ವಿಧಾನವೂ ಚಾಲ್ತಿಯಲ್ಲಿದೆ. ಒಂದೇ ಹಂತದ ಪೆಟ್ಟಿಗೆಗಳಿದ್ದರೆ ಅದು ಹೇಗೋ ನಡೆಯುತ್ತದೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಬಂದಾಗ, ಒಂದನ್ನು ಮಡಚಿ, ಹೊರಗಿನದನ್ನೂ ಮಡಚಿ, ನಡುವೆ ಒಂದು ಕೊಂಡಿಯನ್ನು ಅಳಿಸಿ, ಬೇರೆ ಕ್ರಮದಲ್ಲಿ ಬಿಚ್ಚಿದರೆ ಯಾವ ತುದಿ ಎಲ್ಲಿತ್ತು ಎಂಬ ನೆನಪು ಕಲಸಿಹೋಗುತ್ತದೆ. ಬದಲಿಗೆ, ಯಾವ ಪೆಟ್ಟಿಗೆಗಳು ಈಗ ಮಡಚಿವೆ ಎಂಬ ಒಂದು ಪಟ್ಟಿಯನ್ನಷ್ಟೇ ಇಟ್ಟುಕೊಂಡು, ಪ್ರತಿ ಸಲವೂ ಮೂಲ ಕೊಂಡಿಗಳಿಂದ ಗೆರೆಗಳನ್ನು ಹೊಸದಾಗಿ ಲೆಕ್ಕ ಹಾಕಿ. ಮುಂದಿನ ಎಲ್ಲ ಹೆಜ್ಜೆಗಳೂ ಈ ನಿರ್ಧಾರದ ಮೇಲೆ ನಿಂತಿವೆ.

ಹೆಜ್ಜೆ 1: ಪಟ್ಟಿಗಳನ್ನು ಸಿದ್ಧಪಡಿಸಿ

ನೋಡ್‌ಗಳ (ಚಿತ್ರದಲ್ಲಿ ಕೊಂಡಿ ಸೇರುವ ಚೌಕ, ಪೆಟ್ಟಿಗೆಗಳ) ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಮೂರು ವಿಷಯ ಸಾಕು: ಗುರುತು ಸಂಖ್ಯೆ, ಹೆಸರು, ತಾಯಿಪೆಟ್ಟಿಗೆ (ಅದನ್ನು ನೇರವಾಗಿ ಒಳಗೊಂಡ ಪೆಟ್ಟಿಗೆ). ಗುರುತು ಸಂಖ್ಯೆಯನ್ನು ಹೆಸರಿನಿಂದ ಬೇರೆಯಾಗಿಯೇ ಇಡಿ. ನಮ್ಮಲ್ಲಿ ಒಂದೇ ಜಾಗದ ಹೆಸರು ಕನ್ನಡದಲ್ಲಿ ಒಂದು ರೀತಿ, ಮಲಯಾಳದಲ್ಲಿ ಇನ್ನೊಂದು ರೀತಿ ದಾಖಲೆಯಾಗಿರುವುದು ಸಾಮಾನ್ಯ. ಹೆಸರನ್ನೇ ಗುರುತಾಗಿ ಬಳಸಿದರೆ ಒಂದು ನೋಡ್ ಎರಡಾಗುತ್ತದೆ, ಅರ್ಧ ಕೊಂಡಿಗಳು ಒಂದಕ್ಕೆ, ಉಳಿದರ್ಧ ಇನ್ನೊಂದಕ್ಕೆ ಅಂಟಿಕೊಳ್ಳುತ್ತವೆ.

ಉದಾಹರಣೆಗೆ ಹೀಗೊಂದು ಬೈಲನ್ನು ಕಲ್ಪಿಸಿಕೊಳ್ಳೋಣ.

ಬೈಲು (ಪೆಟ್ಟಿಗೆ)
— ಮೇಲಿನ ತೋಟ (ಪೆಟ್ಟಿಗೆ): ಸುರಂಗ 1, ಸುರಂಗ 2, ಟಾಂಕಿ, ಮನೆ, ಬಾಳೆ
— ನಡುವಿನ ತೋಟ (ಪೆಟ್ಟಿಗೆ): ಕೆರೆ, ಬಾವಿ, ಮೀಟರು, ಪಂಪ್ ಶೆಡ್ (ಪೆಟ್ಟಿಗೆ, ಅದರೊಳಗೆ ಸ್ವಿಚ್ ಬೋರ್ಡ್, ಮೋಟಾರು)
— ಕೆಳಗಿನ ತೋಟ (ಪೆಟ್ಟಿಗೆ): ಅಡಿಕೆ ಸಾಲು, ಬಸಿಗಾಲುವೆ
ಬೈಲಿನ ಹೊರಗೆ: ತೋಡು

ಕೊಂಡಿಗಳು ಹನ್ನೆರಡು. ಪ್ರತಿಯೊಂದಕ್ಕೂ ಎಲ್ಲಿಂದ, ಎಲ್ಲಿಗೆ, ಯಾವ ಬಗೆ ಎಂಬುದನ್ನು ಬರೆಯಬೇಕು.

1. ಸುರಂಗ 1 → ಟಾಂಕಿ, ನೀರು
2. ಟಾಂಕಿ → ಮನೆ, ನೀರು
3. ಸುರಂಗ 2 → ಕೆರೆ, ನೀರು
4. ಟಾಂಕಿ → ಕೆರೆ, ನೀರು
5. ಬಾವಿ → ಮೋಟಾರು, ನೀರು
6. ಮೋಟಾರು → ಬಾಳೆ, ನೀರು
7. ಮೀಟರು → ಸ್ವಿಚ್ ಬೋರ್ಡ್, ವಿದ್ಯುತ್
8. ಸ್ವಿಚ್ ಬೋರ್ಡ್ → ಮೋಟಾರು, ವಿದ್ಯುತ್
9. ಕೆರೆ → ಅಡಿಕೆ ಸಾಲು, ನೀರು
10. ಅಡಿಕೆ ಸಾಲು → ಬಸಿಗಾಲುವೆ, ನೀರು
11. ಕೆರೆ → ತೋಡು, ನೀರು
12. ಬಸಿಗಾಲುವೆ → ತೋಡು, ನೀರು

ಇಲ್ಲೊಂದು ತೊಡಕನ್ನು ಮೊದಲೇ ಬಿಡಿಸಿಕೊಳ್ಳಬೇಕು. ಎರಡು ಮನೆಯವರು ಹಂಚಿಕೊಂಡಿರುವ ಬಾವಿ ಯಾವ ತೋಟದ ಪೆಟ್ಟಿಗೆಗೆ ಸೇರುತ್ತದೆ? ಮಡಚುವ ಚಿತ್ರದಲ್ಲಿ ಒಂದು ನೋಡ್‌ಗೆ ಒಂದೇ ತಾಯಿಪೆಟ್ಟಿಗೆ ಇರಬೇಕು. ಎರಡೂ ಕಡೆ ಒಂದೊಂದು ಪ್ರತಿ ಇಟ್ಟರೆ ಬಾವಿಗಳ ಲೆಕ್ಕವೂ ಕೊಂಡಿಗಳ ಲೆಕ್ಕವೂ ತಪ್ಪುತ್ತದೆ. ಹಂಚಿಕೆಯ ಬಾವಿಯನ್ನು ಎರಡೂ ತೋಟಗಳಿಂದ ಹೊರಗೆ, ಬೈಲಿನ ಪೆಟ್ಟಿಗೆಯೊಳಗೆ ನೇರವಾಗಿ ಇಟ್ಟು, ಅಲ್ಲಿಂದ ಎರಡೂ ಕಡೆಗೆ ಕೊಂಡಿ ಕೊಡುವುದೇ ಸರಿಯಾದ ದಾರಿ. ಹಂಚಿಕೆ ಎಂಬ ಸಂಗತಿಯೂ ಆಗ ಚಿತ್ರದಲ್ಲೇ ಕಾಣುತ್ತದೆ.

ಹೆಜ್ಜೆ 2: ಪ್ರತಿ ನೋಡ್‌ಗೂ ಪ್ರತಿನಿಧಿಯನ್ನು ಹುಡುಕಿ

ಪೆಟ್ಟಿಗೆ ಮಡಚಿದಾಗ ಒಳಗಿನ ನೋಡ್‌ನ ಪರವಾಗಿ ಹೊರಗೆ ಕಾಣಿಸಿಕೊಳ್ಳುವುದು ಯಾರು? ನೋಡ್‌ನಿಂದ ಮೇಲಕ್ಕೆ ತಾಯಿಪೆಟ್ಟಿಗೆಗಳ ಮೂಲಕ ಏರುತ್ತಾ ಹೋದರೆ ಸಿಗುವ ಮಡಚಿದ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಮೇಲಿನದು. ಮಡಚಿದ್ದು ಯಾವುದೂ ಸಿಗದಿದ್ದರೆ ನೋಡ್ ತನಗೆ ತಾನೇ ಪ್ರತಿನಿಧಿ.

ಪ್ರತಿನಿಧಿ (ನೋಡ್):
ಉತ್ತರ = ನೋಡ್
ಈಗ = ನೋಡ್‌ನ ತಾಯಿಪೆಟ್ಟಿಗೆ
‘ಈಗ’ ಖಾಲಿಯಾಗುವ ತನಕ ಇವೆರಡನ್ನು ಮಾಡು:
— ‘ಈಗ’ ಮಡಚಿದ್ದರೆ, ಉತ್ತರ = ಈಗ
— ಈಗ = ‘ಈಗ’ನ ತಾಯಿಪೆಟ್ಟಿಗೆ
ಉತ್ತರವನ್ನು ಕೊಡು

‘ಎಲ್ಲಕ್ಕಿಂತ ಮೇಲಿನದು’ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಪಂಪ್ ಶೆಡ್ ಮಡಚಿದೆ, ಅದನ್ನು ಒಳಗೊಂಡ ನಡುವಿನ ತೋಟವೂ ಮಡಚಿದೆ ಎಂದಿಟ್ಟುಕೊಳ್ಳಿ. ಮೋಟಾರಿನಿಂದ ಏರುವಾಗ ಮೊದಲು ಸಿಗುವುದು ಶೆಡ್. ಅಲ್ಲಿಗೇ ನಿಂತುಬಿಟ್ಟರೆ, ಕಣ್ಣಿಗೆ ಕಾಣದ ಶೆಡ್‌ಗೆ ಗೆರೆ ಎಳೆದಂತಾಗುತ್ತದೆ. ಪರದೆಯಲ್ಲಿ ಅದು ಎಲ್ಲಿಂದಲೋ ಹುಟ್ಟಿದ ಗೆರೆಯಾಗಿ ನೇತಾಡುತ್ತದೆ. ತುದಿಯವರೆಗೆ ಏರಿಯೇ ತೀರಬೇಕು.

ನೋಡ್‌ಗಳು ಸಾವಿರಗಟ್ಟಲೆ ಇದ್ದರೆ ಪ್ರತಿ ಕೊಂಡಿಗೂ ಮತ್ತೆ ಮತ್ತೆ ಏರುವ ಅಗತ್ಯವಿಲ್ಲ. ಮೇಲಿನಿಂದ ಕೆಳಗೆ ಒಮ್ಮೆ ಇಳಿದು, ತಾಯಿಪೆಟ್ಟಿಗೆ ಮಡಚಿದ್ದರೆ ಅಥವಾ ತಾನೇ ಮರೆಯಾಗಿದ್ದರೆ ಅದರ ಪ್ರತಿನಿಧಿಯನ್ನೇ ಮಗುವಿಗೂ ಕೊಡುತ್ತಾ ಹೋದರೆ ಎಲ್ಲ ನೋಡ್‌ಗಳ ಪ್ರತಿನಿಧಿಗಳೂ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಹೀಗೆ ಲೆಕ್ಕ ಹಾಕುವುದರಿಂದ ಇನ್ನೊಂದು ಲಾಭವಿದೆ. ಶೆಡ್ ಮೊದಲು ಮಡಚಿದರೂ ತೋಟ ಮೊದಲು ಮಡಚಿದರೂ ಕೊನೆಯಲ್ಲಿ ಸಿಗುವ ಚಿತ್ರ ಒಂದೇ. ತೋಟವನ್ನು ಬಿಚ್ಚಿದಾಗ ಶೆಡ್ ಹಿಂದೆ ಮಡಚಿದ್ದಂತೆಯೇ ಉಳಿದಿರುತ್ತದೆ, ಏಕೆಂದರೆ ಅದರ ಸ್ಥಿತಿಯನ್ನು ಯಾರೂ ಮುಟ್ಟಿಲ್ಲ. ‘ಎಲ್ಲವನ್ನೂ ಬಿಚ್ಚು’ ಎಂಬುದಕ್ಕೆ ಬೇರೆಯೇ ಗುಂಡಿ ಕೊಡಿ.

ಹೆಜ್ಜೆ 3: ಯಾವ ಕೊಂಡಿಗೆ ಗೆರೆ ಬೇಕು ಎಂದು ತೀರ್ಮಾನಿಸಿ

ಕೊಂಡಿಯ ಎರಡೂ ತುದಿಗಳ ಪ್ರತಿನಿಧಿಗಳನ್ನು ನೋಡಿ. ಪ್ರತಿನಿಧಿಗಳು ಬೇರೆ ಬೇರೆಯಾಗಿದ್ದರೆ ಅವೆರಡರ ನಡುವೆ ಗೆರೆ. ಎರಡೂ ಒಂದೇ ಆಗಿದ್ದರೆ ಕೊಂಡಿ ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಸೇರಿಹೋಗಿದೆ, ಗೆರೆ ಬೇಡ.

ಒಂದು ವಿನಾಯಿತಿ ಇದೆ. ಮೂಲದಲ್ಲೇ ತನ್ನಿಂದ ಹೊರಟು ತನಗೇ ಬಂದು ಸೇರುವ ಕೊಂಡಿ ಇರಬಹುದು. ಕೆರೆಯ ನೀರನ್ನು ಚಿಮ್ಮಿಸಿ ಕೆರೆಗೇ ಬಿಡುವ ಏರ್ಪಾಡಿನಂತೆ. ಅಂಥ ಸುತ್ತುಗೆರೆಯನ್ನು ಕೆರೆ ಕಾಣುತ್ತಿರುವಾಗ ತೋರಿಸಲೇಬೇಕು. ಆದ್ದರಿಂದ ನಿಯಮವನ್ನು ಹೀಗೆ ಬರೆಯಿರಿ: ಪ್ರತಿನಿಧಿಗಳು ಒಂದೇ ಆಗಿದ್ದು, ಕೊಂಡಿಯ ಎರಡೂ ಮೂಲ ತುದಿಗಳು ಆ ಪ್ರತಿನಿಧಿಯೇ ಆಗಿದ್ದರೆ ಸುತ್ತುಗೆರೆ, ಇಲ್ಲವಾದರೆ ಮರೆ. ಈ ಎಚ್ಚರ ಇಲ್ಲದ ಚಿತ್ರಗಳಲ್ಲಿ ಪೆಟ್ಟಿಗೆ ಮಡಚಿದ ಕೂಡಲೇ ಅದರ ಮೂಲೆಯಲ್ಲಿ ಅರ್ಥವಿಲ್ಲದ ಸುತ್ತುಗೆರೆಗಳ ಗೊಂಚಲು ಹುಟ್ಟುತ್ತದೆ.

ಕೊಂಡಿಯ ತುದಿ ಪೆಟ್ಟಿಗೆಯೇ ಆಗಿರಬಹುದು ಎಂಬುದನ್ನೂ ನೆನಪಿಡಿ. ತೋಟಕ್ಕೆ ಒಟ್ಟಾಗಿ ಸಿಗುವ ವಿದ್ಯುತ್ ಸಂಪರ್ಕವನ್ನು ಮೀಟರಿಗೆ ಕಟ್ಟದೆ ತೋಟದ ಪೆಟ್ಟಿಗೆಗೇ ಕಟ್ಟಬಹುದು. ತೋಟ ಬಿಚ್ಚಿದ್ದಾಗ ಆ ಗೆರೆ ಅಂಚಿನಲ್ಲಿ ನಿಲ್ಲುತ್ತದೆ, ಒಳಗಿನ ನೋಡ್‌ಗೆ ಹೋಗುವ ಗೆರೆ ಅಂಚನ್ನು ದಾಟಿ ಒಳಗೆ ಇಳಿಯುತ್ತದೆ. ಮಡಚಿದಾಗ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ದಾಖಲೆಯಲ್ಲಿ ಉಳಿದಿರುವುದರಿಂದ ಬಿಚ್ಚಿದ ಕೂಡಲೇ ಹಿಂದಿರುಗುತ್ತದೆ.

ನಮ್ಮ ಬೈಲಿನಲ್ಲಿ ಮೂರೂ ತೋಟಗಳನ್ನು ಮಡಚಿ ನೋಡಿ. 1, 2, 5, 7, 8, 10 ಈ ಆರು ಕೊಂಡಿಗಳು ಒಳಗೆ ಸೇರಿಹೋಗುತ್ತವೆ. 3 ಮತ್ತು 4 ಮೇಲಿನ ತೋಟದಿಂದ ನಡುವಿನದಕ್ಕೆ, 6 ನಡುವಿನದರಿಂದ ಮೇಲಕ್ಕೆ, 9 ನಡುವಿನದರಿಂದ ಕೆಳಕ್ಕೆ, 11 ನಡುವಿನದರಿಂದ ತೋಡಿಗೆ, 12 ಕೆಳಗಿನದರಿಂದ ತೋಡಿಗೆ.

ಹೆಜ್ಜೆ 4: ಒಂದೇ ದಾರಿಯ ಗೆರೆಗಳನ್ನು ಸೇರಿಸಿ, ಆದರೆ ಎಣಿಕೆ ಬಿಡಬೇಡಿ

3 ಮತ್ತು 4 ಈಗ ಒಂದೇ ಜೋಡಿಯ ನಡುವೆ ಇವೆ. ಎರಡು ಗೆರೆ ಎಳೆದರೆ ಒಂದರ ಮೇಲೊಂದು ಬಿದ್ದು ಒಂದರಂತೆ ಕಾಣುತ್ತವೆ. ನೋಡುವವರು ಒಂದೇ ಎಂದು ನಂಬುತ್ತಾರೆ. ಬದಿಬದಿಗೆ ಎಳೆದರೆ ಎರಡೋ ಮೂರೋ ಆದಾಗ ಚೆನ್ನ, ಹತ್ತಾದರೆ ಗೋಜಲು. ಒಂದೇ ಗೆರೆ ಮಾಡಿ ಅದರ ಮೇಲೆ ‘2’ ಎಂದು ಬರೆಯುವುದು ಪ್ರಾಮಾಣಿಕವಾದ ದಾರಿ.

ಸೇರಿಸಲು ನಾಲ್ಕು ವಿಷಯಗಳು ಹೊಂದಿಕೆಯಾಗಬೇಕು: ಹೊರಡುವ ಪ್ರತಿನಿಧಿ, ಮುಟ್ಟುವ ಪ್ರತಿನಿಧಿ, ದಿಕ್ಕು, ಬಗೆ. ನೀರಿನ ಕೊಂಡಿಯನ್ನೂ ವಿದ್ಯುತ್ ಕೊಂಡಿಯನ್ನೂ ಸೇರಿಸಿ ‘ಸಂಬಂಧ 3’ ಎಂದು ಬರೆದರೆ ಓದುಗರಿಗೆ ಏನೂ ಹೇಳಿದಂತಾಗುವುದಿಲ್ಲ. ಮೇಲಿನಿಂದ ಕೆಳಗೆ ಬರುವ ಎರಡನ್ನೂ ಕೆಳಗಿನಿಂದ ಮೇಲಕ್ಕೆ ಹೋಗುವ ಒಂದನ್ನೂ ಸೇರಿಸಿ ಎರಡೂ ತುದಿಗೆ ಬಾಣ ಹಾಕಿದರೆ ಯಾವ ಕಡೆಗೆ ಎಷ್ಟು ಎಂಬುದು ಕಳೆದುಹೋಗುತ್ತದೆ. ಎದುರುಬದುರು ದಿಕ್ಕಿನವನ್ನು ತುಸು ದೂರದಲ್ಲಿ ಎರಡು ಗೆರೆಗಳಾಗಿಯೇ ಎಳೆಯಿರಿ.

ಗೆರೆಯ ದಪ್ಪವನ್ನು ಎಣಿಕೆಗೆ ನೇರವಾಗಿ ಕಟ್ಟಬೇಡಿ. ನಲವತ್ತು ಕೊಂಡಿಗಳ ಗೆರೆ ನಲವತ್ತು ಪಟ್ಟು ದಪ್ಪವಾದರೆ ಪೆಟ್ಟಿಗೆಯನ್ನೇ ನುಂಗುತ್ತದೆ. ಎಣಿಕೆಯ ವರ್ಗಮೂಲ ತೆಗೆದುಕೊಳ್ಳಿ: ನಾಲ್ಕು ಕೊಂಡಿಗೆ ಎರಡರಷ್ಟು ದಪ್ಪ, ಒಂಬತ್ತಕ್ಕೆ ಮೂರರಷ್ಟು. ಅದರ ಮೇಲೂ ಒಂದು ಗರಿಷ್ಠ ಮಿತಿ ಇರಲಿ. ನಿಖರವಾದ ಸಂಖ್ಯೆಯನ್ನು ಅಂಕಿಯೇ ಹೇಳಬೇಕು; ದಪ್ಪ ಕಣ್ಣಿಗೆ ಸೂಚನೆ ಮಾತ್ರ.

ಕೊಂಡಿಗಳಿಗೆ ಅಳತೆ ಇದ್ದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ದಿನಕ್ಕೆ ಇಷ್ಟು ಲೀಟರು ಎಂಬ ಹರಿವನ್ನು ಕೂಡಿಸಬಹುದು: ಸುರಂಗದಿಂದ 2000, ಟಾಂಕಿಯಿಂದ 1000 ಬರುತ್ತಿದ್ದರೆ ಸೇರಿದ ಗೆರೆಯ ಮೇಲೆ 3000 ಬರೆಯುವುದು ಸರಿ. ಕೊಳವೆಯ ಅಳತೆಯನ್ನು ಹಾಗೆ ಕೂಡಿಸಲಾಗದು. ಒಂದು ಇಂಚಿನ ಎರಡು ಕೊಳವೆಗಳು ಸೇರಿ ಎರಡು ಇಂಚಿನ ಕೊಳವೆ ಆಗುವುದಿಲ್ಲ. ಅವುಗಳ ಬಾಯಿಯ ವಿಸ್ತೀರ್ಣ ಸುಮಾರು 1.4 ಇಂಚಿನ ಒಂದು ಕೊಳವೆಗೆ ಸಮ. ಸರಾಸರಿ, ಗರಿಷ್ಠ, ಮೊತ್ತ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ಪ್ರತಿ ಅಳತೆಗೂ ಮೊದಲೇ ತೀರ್ಮಾನಿಸಿ ಬರೆದಿಡಿ. ಯಾವುದೂ ಹೊಂದದಿದ್ದರೆ ಅಳತೆಯನ್ನು ತೋರಿಸಬೇಡಿ, ಎಣಿಕೆ ಸಾಕು.

ಸರಣಿಯಲ್ಲಿ ಹರಿಯುವ ನೀರು ಇನ್ನೊಂದು ಬಲೆ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಒಂದಾದ ಮೇಲೊಂದರಂತೆ ಕಟ್ಟಗಳನ್ನು (ಒಡ್ಡುಗಳನ್ನು) ಕಟ್ಟುವ ಪದ್ಧತಿ ಇದೆ. ಮೊದಲ ಕಟ್ಟದಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಅಲ್ಲಿಂದ ನಾಲ್ಕನೆಯದಕ್ಕೆ ಎಂದು ಕೊಂಡಿ ಹಾಕಿದರೆ ಬಹುಪಾಲು ಒಂದೇ ನೀರು ಮೂರು ಕೊಂಡಿಗಳಲ್ಲೂ ಸಾಗುತ್ತದೆ. ಮಡಚಿದ ಪೆಟ್ಟಿಗೆಯ ಮೇಲೆ ‘ಒಟ್ಟು ಹರಿವು’ ಎಂದು ಒಳಗಿನ ಎಲ್ಲ ಕೊಂಡಿಗಳನ್ನೂ ಕೂಡಿಸಿ ಬರೆದರೆ ಒಂದೇ ನೀರನ್ನು ಮೂರು ಸಲ ಎಣಿಸಿದಂತೆ. ಪೆಟ್ಟಿಗೆಯ ಅಂಚನ್ನು ದಾಟುವ ಕೊಂಡಿಗಳನ್ನು ಮಾತ್ರ ಕೂಡಿಸಿ, ಒಳಬರುವುದನ್ನೂ ಹೊರಹೋಗುವುದನ್ನೂ ಬೇರೆ ಬೇರೆಯಾಗಿ.

ಸೇರಿದ ಗೆರೆಯೊಳಗಿನ ಕೊಂಡಿಗಳ ಗುಣ ಬೇರೆ ಬೇರೆ ಇದ್ದರೆ? ಸುರಂಗ 2ರ ನೀರು ಬೇಸಿಗೆಯಲ್ಲೂ ಬರುತ್ತದೆ, ಟಾಂಕಿಯ ಹೆಚ್ಚುವರಿ ಮಳೆಗಾಲದಲ್ಲಷ್ಟೇ ಎಂದಿಟ್ಟುಕೊಳ್ಳಿ. ಮೊದಲು ಸಿಕ್ಕಿದ ಕೊಂಡಿಯ ಗುಣವನ್ನೇ ಇಡೀ ಗೆರೆಗೆ ಹಚ್ಚಬಾರದು. ಎಲ್ಲವೂ ಒಂದೇ ರೀತಿ ಇದ್ದರೆ ಆ ಗುಣ, ಇಲ್ಲವಾದರೆ ‘ಮಿಶ್ರ’ ಎಂದು ತೋರಿಸುವ ಬೇರೆಯೇ ಬಣ್ಣ. ಗೆರೆಯನ್ನು ಒತ್ತಿದಾಗ ಒಳಗಿನ ಕೊಂಡಿಗಳ ಪಟ್ಟಿ ಪೂರ್ತಿ ಹೆಸರುಗಳೊಡನೆ ತೆರೆದುಕೊಳ್ಳಬೇಕು.

ಹೆಜ್ಜೆ 5: ಸುಳ್ಳು ದಾರಿಗಳನ್ನು ಹಿಡಿಯಿರಿ

ನನ್ನ ಮಟ್ಟಿಗೆ ಈ ಮಾರ್ಗದರ್ಶಿಯ ಮುಖ್ಯ ಭಾಗ ಇದೇ. ಚಿತ್ರ ಅಚ್ಚುಕಟ್ಟಾಗಿ ಕಂಡರೂ ಸುಳ್ಳು ಹೇಳುವುದು ಇಲ್ಲಿ.

ನಡುವಿನ ತೋಟವನ್ನಷ್ಟೇ ಮಡಚಿ. ಸುರಂಗ 2ರಿಂದ ಒಂದು ಗೆರೆ ತೋಟಕ್ಕೆ ಬರುತ್ತದೆ. ತೋಟದಿಂದ ಒಂದು ಗೆರೆ ಬಾಳೆಗೆ ಹೋಗುತ್ತದೆ. ಬಾಣಗಳನ್ನು ಹಿಂಬಾಲಿಸಿದವರು ಸುರಂಗದ ನೀರು ನಡುವಿನ ತೋಟದ ಮೂಲಕ ಬಾಳೆಗೆ ಸೇರುತ್ತದೆ ಎಂದೇ ಓದುತ್ತಾರೆ. ಬಿಚ್ಚಿ ನೋಡಿದರೆ ಸುರಂಗದ ನೀರು ಕೆರೆಗೆ ಬೀಳುತ್ತದೆ, ಬಾಳೆಗೆ ಹೋಗುವುದು ಬಾವಿಯ ನೀರು, ಕೆರೆಗೂ ಮೋಟಾರಿಗೂ ಕೊಂಡಿಯೇ ಇಲ್ಲ. ಪ್ರತಿಯೊಂದು ಗೆರೆಯೂ ನಿಜ. ಗೆರೆಗಳನ್ನು ಜೋಡಿಸಿ ಓದಿದ ದಾರಿ ಸುಳ್ಳು. ಸುರಂಗ ಬತ್ತಿದರೆ ಬಾಳೆ ಒಣಗೀತು ಎಂದು ಯಾರಾದರೂ ಈ ಚಿತ್ರ ನೋಡಿ ನಿರ್ಧಾರ ತೆಗೆದುಕೊಂಡರೆ ಅದಕ್ಕೆ ಚಿತ್ರ ಬರೆದವರೇ ಕಾರಣ.

ಮಡಚುವಿಕೆಯ ಸ್ವಭಾವವೇ ಹೀಗೆ. ನಿಜವಾದ ಯಾವ ದಾರಿಯೂ ಮಡಚಿದ ಚಿತ್ರದಲ್ಲಿ ತುಂಡಾಗುವುದಿಲ್ಲ, ಆದರೆ ಇಲ್ಲದ ದಾರಿಗಳು ಹೊಸದಾಗಿ ಹುಟ್ಟಬಹುದು. ಆದ್ದರಿಂದ ಮಡಚಿದ ಚಿತ್ರದಲ್ಲಿ ದಾರಿ ಕಾಣದಿದ್ದರೆ ಅದು ನಿಜವಾಗಿಯೂ ಇಲ್ಲ ಎಂದು ನಂಬಬಹುದು. ಕಂಡರೆ ಬಿಚ್ಚಿ ನೋಡಿಯೇ ನಂಬಬೇಕು.

ಸುಳ್ಳು ಸುತ್ತುಗಳೂ ಹೀಗೆಯೇ ಹುಟ್ಟುತ್ತವೆ. ಮೇಲಿನ ಮತ್ತು ನಡುವಿನ ತೋಟಗಳೆರಡನ್ನೂ ಮಡಚಿದರೆ ಮೇಲಿನಿಂದ ನಡುವಿಗೆ ಗೆರೆ, ನಡುವಿನಿಂದ ಮೇಲಕ್ಕೆ ಗೆರೆ. ನೀರು ಎರಡು ತೋಟಗಳ ನಡುವೆ ಸುತ್ತುತ್ತಿದೆ ಎಂಬಂತೆ ಕಾಣುತ್ತದೆ. ಮೂಲ ಪಟ್ಟಿಯಲ್ಲಿ ಒಂದೇ ಒಂದು ಸುತ್ತೂ ಇಲ್ಲ. ಒಂದು ಪೆಟ್ಟಿಗೆಯನ್ನು ಮಾತ್ರ ಮಡಚುವಾಗ ಸುಳ್ಳು ಸುತ್ತು ಬರುತ್ತದೆಯೇ ಎಂದು ತಿಳಿಯಲು ಸರಳ ಪರೀಕ್ಷೆ ಇದೆ: ಪೆಟ್ಟಿಗೆಯಿಂದ ಹೊರಟು, ಹೊರಗಿನ ನೋಡ್‌ಗಳನ್ನು ಹಾದು, ಅದೇ ಪೆಟ್ಟಿಗೆಗೆ ಮರಳುವ ದಾರಿ ಇಲ್ಲದಿದ್ದರೆ ಸುತ್ತು ಹುಟ್ಟುವುದಿಲ್ಲ. ಎರಡು ಪೆಟ್ಟಿಗೆಗಳನ್ನು ಒಟ್ಟಿಗೆ ಮಡಚಿದಾಗ ಈ ಪರೀಕ್ಷೆ ಸಾಲದು. ನಮ್ಮ ಎರಡೂ ತೋಟಗಳು ಒಂಟಿಯಾಗಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ, ಜೊತೆಯಾಗಿ ಸೋಲುತ್ತವೆ. ಹಾಗಾಗಿ ಮಡಚಿದ ಪ್ರತಿ ಸ್ಥಿತಿಯಲ್ಲೂ ಒಟ್ಟು ಚಿತ್ರವನ್ನು ಹೊಸದಾಗಿ ಪರೀಕ್ಷಿಸಬೇಕು.

ಇದಕ್ಕೆ ಮಾಡಬಹುದಾದದ್ದು ಹೀಗಿದೆ. ಮಡಚಿದ ಪೆಟ್ಟಿಗೆಯ ಅಂಚಿನಲ್ಲಿ ಪ್ರತಿ ಗೆರೆಗೂ ಒಂದು ಬಾಗಿಲು ಇಡಿ: ಒಳಬರುವ ಬಾಗಿಲು, ಹೊರಹೋಗುವ ಬಾಗಿಲು. ಪ್ರತಿ ಒಳಬಾಗಿಲಿನಿಂದ ಪೆಟ್ಟಿಗೆಯೊಳಗೇ ಸಾಗಿ ಯಾವ ಯಾವ ಹೊರಬಾಗಿಲುಗಳನ್ನು ಮುಟ್ಟಬಹುದು ಎಂದು ಮೂಲ ಕೊಂಡಿಗಳಿಂದ ಹುಡುಕಿ. ನೀರಿನ ದಾರಿ ಹುಡುಕುವಾಗ ನೀರಿನ ಕೊಂಡಿಗಳನ್ನು ಮಾತ್ರ ಹಿಡಿಯಿರಿ. ಮುಟ್ಟುವಂತಿದ್ದರೆ ಮಡಚಿದ ಪೆಟ್ಟಿಗೆಯ ಒಳಗೆ ಆ ಎರಡು ಬಾಗಿಲುಗಳನ್ನು ಜೋಡಿಸುವ ತೆಳುವಾದ ಗೆರೆ ಎಳೆಯಿರಿ. ನಡುವಿನ ತೋಟದಲ್ಲಿ ಸುರಂಗದ ಬಾಗಿಲಿನಿಂದ ಅಡಿಕೆ ಸಾಲಿನ ಬಾಗಿಲಿಗೂ ತೋಡಿನ ಬಾಗಿಲಿಗೂ ತೆಳುಗೆರೆ ಬರುತ್ತದೆ. ಬಾಳೆಯ ಬಾಗಿಲಿಗೆ ಯಾವುದೂ ಬರುವುದಿಲ್ಲ; ಅಲ್ಲೊಂದು ಚಿಕ್ಕ ಚುಕ್ಕೆ ಇಟ್ಟರೆ ಈ ನೀರು ಪೆಟ್ಟಿಗೆಯ ಒಳಗೇ ಹುಟ್ಟುತ್ತದೆ ಎಂದು ತಿಳಿಯುತ್ತದೆ. ಬಾಗಿಲುಗಳು ಹೆಚ್ಚಾಗಿ ತೆಳುಗೆರೆಗಳೇ ಗೋಜಲಾದರೆ, ಒಂದು ಬಾಗಿಲಿನ ಮೇಲೆ ಬೆರಳಿಟ್ಟಾಗ ಅದಕ್ಕೆ ಸೇರಿದವನ್ನು ಮಾತ್ರ ಬೆಳಗಿಸಿ.

ಈ ಹೆಜ್ಜೆಯನ್ನು ಬಿಟ್ಟರೂ ಚಿತ್ರ ಓಡುತ್ತದೆ, ಆದ್ದರಿಂದ ಬಿಡುವ ಆಸೆ ಸಹಜ. ನೀರು, ವಿದ್ಯುತ್, ಹಣ, ಕಡತ, ಹೀಗೆ ಏನಾದರೂ ಹರಿಯುವ ಚಿತ್ರವಾಗಿದ್ದರೆ ದಯವಿಟ್ಟು ಬಿಡಬೇಡಿ.

ಹೆಜ್ಜೆ 6: ಗೆರೆಯ ತುದಿ, ತಿರುವು, ಜಾಗ

ಗೆರೆ ಪೆಟ್ಟಿಗೆಯ ನಡುಮಧ್ಯದಿಂದ ಹೊರಟು ಅಂಚಿನಲ್ಲಿ ಕಾಣಿಸಿಕೊಳ್ಳಬೇಕು. ಅಂಚಿನ ಬಿಂದುವನ್ನು ಹೀಗೆ ಹುಡುಕಿ: ನಡುವಿನಿಂದ ಗುರಿಯ ಕಡೆಗೆ ಅಡ್ಡಲಾಗಿ ಎಷ್ಟು, ಉದ್ದಕ್ಕೆ ಎಷ್ಟು ದೂರ ಎಂದು ಅಳೆಯಿರಿ. ಪೆಟ್ಟಿಗೆಯ ಅರ್ಧ ಅಗಲವನ್ನು ಅಡ್ಡ ದೂರದಿಂದ, ಅರ್ಧ ಎತ್ತರವನ್ನು ಉದ್ದ ದೂರದಿಂದ ಭಾಗಿಸಿ. ಎರಡು ಉತ್ತರಗಳಲ್ಲಿ ಚಿಕ್ಕದರಿಂದ ಎರಡೂ ದೂರಗಳನ್ನು ಗುಣಿಸಿ ನಡುಬಿಂದುವಿಗೆ ಕೂಡಿಸಿದರೆ ಗೆರೆ ಅಂಚನ್ನು ಮುಟ್ಟುವ ಜಾಗ ಸಿಗುತ್ತದೆ. ದೂರಗಳಲ್ಲಿ ಒಂದು ಸೊನ್ನೆಯಾಗಿದ್ದರೆ ಅದರ ಭಾಗಾಕಾರವನ್ನು ಬಿಟ್ಟು ಇನ್ನೊಂದನ್ನೇ ತೆಗೆದುಕೊಳ್ಳಿ.

ಬಿಚ್ಚಿದ್ದಾಗ ಕೈಯಾರೆ ಹಾಕಿದ ತಿರುವುಗಳನ್ನು ಮಡಚಿದಾಗ ಬಳಸಬೇಡಿ, ಅಳಿಸಲೂ ಬೇಡಿ. ಕೊಂಡಿಯ ಜೊತೆಗೇ ಕಾದಿರಿಸಿ. ಮಡಚಿದ ಪೆಟ್ಟಿಗೆಯನ್ನು ಬೇರೆಡೆಗೆ ಎಳೆದರೆ ಒಳಗಿನ ನೋಡ್‌ಗಳನ್ನೂ ಒಳಗಿನ ಕೊಂಡಿಗಳ ತಿರುವುಗಳನ್ನೂ ಅಷ್ಟೇ ದೂರ ಸರಿಸಿ. ಅಂಚು ದಾಟುವ ಕೊಂಡಿಯ ಒಂದು ತುದಿ ಸರಿದಿದೆ, ಇನ್ನೊಂದು ಸರಿದಿಲ್ಲ. ಅದರ ಹಳೆಯ ತಿರುವುಗಳನ್ನು ಕೈಬಿಟ್ಟು ಹೊಸ ದಾರಿ ಹಾಕುವುದೇ ಉತ್ತಮ.

ಯಾವ ಗೆರೆ ಯಾರ ಜೊತೆಗೆ ಸರಿಯಬೇಕು, ಯಾವ ಪೆಟ್ಟಿಗೆಯ ಮೇಲೆ ಎಳೆಯಬೇಕು ಎಂಬುದಕ್ಕೆ ಒಂದೇ ನಿಯಮ ಸಾಕು. ಕೊಂಡಿಯ ಎರಡೂ ತುದಿಗಳನ್ನು ಒಳಗೊಂಡ ಪೆಟ್ಟಿಗೆಗಳಲ್ಲಿ ಅತಿ ಒಳಗಿನದೇ ಆ ಕೊಂಡಿಯ ಮನೆ. 8ರ ಮನೆ ಪಂಪ್ ಶೆಡ್, 5ರ ಮನೆ ನಡುವಿನ ತೋಟ, 4ರ ಮನೆ ಬೈಲು. ಶೆಡ್‌ನ ಹಿನ್ನೆಲೆ ಬಣ್ಣ ಗೆರೆಯ ಮೇಲೆ ಬಂದು ಅದನ್ನು ಮುಚ್ಚುವ ಸಮಸ್ಯೆಯೂ ಇದರಿಂದ ಬಗೆಹರಿಯುತ್ತದೆ: ಮನೆಯ ಪೆಟ್ಟಿಗೆಯ ಹಿನ್ನೆಲೆ, ಒಳಪೆಟ್ಟಿಗೆಗಳ ಹಿನ್ನೆಲೆ, ಆಮೇಲೆ ಗೆರೆಗಳು, ಕೊನೆಗೆ ನೋಡ್‌ಗಳು ಎಂಬ ಕ್ರಮದಲ್ಲಿ ಬಣ್ಣ ತುಂಬಿ.

ಮಡಚಿದ ಕೂಡಲೇ ಇಡೀ ಚಿತ್ರವನ್ನು ಹೊಸದಾಗಿ ಜೋಡಿಸಿದರೆ ನೋಡುತ್ತಿದ್ದವರಿಗೆ ದಿಕ್ಕು ತಪ್ಪುತ್ತದೆ. ಮಡಚುವ ಗುಂಡಿ ಇದ್ದ ಜಾಗದಲ್ಲೇ ಉಳಿಯಲಿ, ಬೆರಳು ಮತ್ತೆ ಒತ್ತಿದರೆ ಅದೇ ಪೆಟ್ಟಿಗೆ ಬಿಚ್ಚಬೇಕು. ಸುತ್ತಲಿನವು ಬೇಕಾದಷ್ಟೇ ಸರಿಯಲಿ, ಅದೂ ಕಣ್ಣಿಗೆ ಕಾಣುವಂತೆ ನಿಧಾನವಾಗಿ. 1981ರಲ್ಲಿ ಜಪಾನಿನ ಸಂಶೋಧಕ ಸುಗಿಯಾಮ ಮತ್ತು ಸಂಗಡಿಗರು ಪ್ರಕಟಿಸಿದ ಪದರ ಪದರವಾಗಿ ಜೋಡಿಸುವ ವಿಧಾನವನ್ನು ಇಂದಿಗೂ ಅನೇಕ ತಂತ್ರಾಂಶಗಳು ಅನುಸರಿಸುತ್ತವೆ. ಅದರಲ್ಲಿ ಸುತ್ತು ಕಂಡುಬಂದರೆ ಕೆಲವು ಗೆರೆಗಳನ್ನು ತಾತ್ಕಾಲಿಕವಾಗಿ ತಿರುಗಿಸಿ ಲೆಕ್ಕ ಹಾಕಲಾಗುತ್ತದೆ. ಹಿಂದಿನ ಹೆಜ್ಜೆಯ ಸುಳ್ಳು ಸುತ್ತು ಇಲ್ಲಿಯೂ ಕಾಡುತ್ತದೆ: ಬಿಚ್ಚಿದಾಗ ಮೇಲಿದ್ದ ತೋಟ ಮಡಚಿದಾಗ ಕೆಳಗೆ ಹೋಗಿ ಕೂರಬಹುದು. ಮಡಚುವ ಮುಂಚಿನ ಮೇಲು ಕೆಳಗಿನ ಕ್ರಮವನ್ನೇ ನಿರ್ಬಂಧವಾಗಿ ಕೊಟ್ಟು ಇದನ್ನು ತಡೆಯಬಹುದು.

ಹೆಜ್ಜೆ 7: ಮಡಚಿದ ಸ್ಥಿತಿಯಲ್ಲಿ ತಿದ್ದುವವರಿಗೆ ನಿಯಮಗಳು

ಸೇರಿದ ಗೆರೆಯನ್ನು ಆರಿಸಿ ಅಳಿಸುವ ಗುಂಡಿ ಒತ್ತಿದರೆ ಎಷ್ಟು ಕೊಂಡಿಗಳು ಹೋಗುತ್ತವೆ ಎಂದು ಹೆಸರು ಸಮೇತ ತೋರಿಸಿ ಕೇಳಬೇಕು. ಮಡಚಿದ ಪೆಟ್ಟಿಗೆಗೆ ಹೊಸ ಗೆರೆ ಎಳೆದರೆ ಅದು ಪೆಟ್ಟಿಗೆಗೇ ಸೇರಬೇಕೋ ಒಳಗಿನ ನೋಡ್‌ಗೋ ಎಂದು ಕೇಳಿ, ಊಹಿಸಬೇಡಿ. ಹುಡುಕಾಟದಲ್ಲಿ ಮರೆಯಾದ ನೋಡ್ ಸಿಕ್ಕಿದರೆ ಮೊದಲು ಅದರ ಪ್ರತಿನಿಧಿಯನ್ನು ಬೆಳಗಿಸಿ, ಬಳಕೆದಾರರು ಕೇಳಿದರೆ ಮಾತ್ರ ತಾಯಿಪೆಟ್ಟಿಗೆಗಳನ್ನು ಬಿಚ್ಚಿ.

ಹೆಜ್ಜೆ 8: ಸಿದ್ಧ ತಂತ್ರಾಂಶದ ನಡವಳಿಕೆ ತಿಳಿದುಕೊಳ್ಳಿ

ಡ್ರಾ.ಐಒ ಎಂಎಕ್ಸ್‌ಗ್ರಾಫ್ ಎಂಬ ಗ್ರಂಥಾಲಯದ (ಪ್ರೋಗ್ರಾಂ ಬರೆಯುವವರು ಬಳಸುವ ಸಿದ್ಧ ಕೋಡ್ ಸಂಗ್ರಹದ) ಮೇಲೆ ಕಟ್ಟಿದ್ದು. ಮಡಚಿದಾಗ ಗೆರೆಯ ತುದಿಯನ್ನು ಕಾಣುವ ತಾಯಿಪೆಟ್ಟಿಗೆಗೆ ತಾನಾಗಿಯೇ ತರುತ್ತದೆ, ಮೂಲ ಕೊಂಡಿಯನ್ನು ಮುಟ್ಟುವುದಿಲ್ಲ. ಗೆರೆಗಳನ್ನು ಸೇರಿಸಿ ಎಣಿಕೆ ಹಾಕುವುದು ಮಾತ್ರ ನಿಮ್ಮ ಕೆಲಸ. ಗೋಜೆಎಸ್, ಸೈಟೋಸ್ಕೇಪ್ ಜೆಎಸ್, ವೈಫೈಲ್ಸ್ ಇವೂ ಇಂಥ ಗ್ರಂಥಾಲಯಗಳೇ. ಗೋಜೆಎಸ್ ಕೂಡ ಮೂಲ ಕೊಂಡಿಯನ್ನು ಹಾಗೆಯೇ ಇಟ್ಟು ಗೆರೆಯನ್ನು ಗುಂಪಿನ ಪೆಟ್ಟಿಗೆಗೆ ಕಟ್ಟುತ್ತದೆ. ಸೈಟೋಸ್ಕೇಪ್ ಜೆಎಸ್‌ನ ಮಡಚುವ ಬಿಚ್ಚುವ ವಿಸ್ತರಣೆಯ ದಾರಿ ಬೇರೆ: ಒಳಗಿನ ನೋಡ್‌ಗಳನ್ನು ಚಾಲ್ತಿಯ ಗ್ರಾಫ್‌ನಿಂದ ತೆಗೆದು ಬದಿಗಿಡುತ್ತದೆ, ದಾಟುವ ಕೊಂಡಿಗಳನ್ನು ಪೆಟ್ಟಿಗೆಗೆ ವರ್ಗಾಯಿಸುತ್ತದೆ. ಆಗ ಗ್ರಾಫ್‌ನಿಂದಲೇ ಕೊಂಡಿಗಳನ್ನು ಎಣಿಸಿದರೆ ಲೆಕ್ಕ ಕಡಿಮೆ ಬರುತ್ತದೆ, ಮೂಲ ಪಟ್ಟಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ವೈಫೈಲ್ಸ್‌ನಲ್ಲಿ ಗೆರೆಗಳನ್ನು ಸೇರಿಸಬೇಕೋ, ಬೇರೆಯಾಗಿ ಉಳಿಸಬೇಕೋ, ಪೂರ್ತಿ ಬಿಡಬೇಕೋ ಎಂದು ಆರಿಸುವ ಸೌಲಭ್ಯವೇ ಇದೆ.

ಗ್ರಾಫ್‌ವಿಜ್ ಪಠ್ಯವಾಗಿ ಬರೆದ ಪಟ್ಟಿಯಿಂದ ಸ್ಥಿರ ಚಿತ್ರ ಕೊಡುತ್ತದೆ, ಮಡಚುವ ಗುಂಡಿ ಇಲ್ಲ. ಮೇಲಿನ ಹೆಜ್ಜೆಗಳ ಪ್ರಕಾರ ಪ್ರತಿ ಸ್ಥಿತಿಗೂ ಬೇರೆ ಪಠ್ಯ ತಯಾರಿಸಿ ಕೊಟ್ಟರೆ ಅದು ಅಚ್ಚುಕಟ್ಟಾಗಿ ಜೋಡಿಸುತ್ತದೆ. ಮುದ್ರಣಕ್ಕೆ ನನಗೆ ಇದೇ ಇಷ್ಟ.

ಹೆಜ್ಜೆ 9: ಪರೀಕ್ಷಿಸಿ, ಆಮೇಲೆ ಮುದ್ರಿಸಿ

ಯಾವ ಸ್ಥಿತಿಯಲ್ಲೂ ಗೆರೆಗಳ ಮೇಲಿನ ಎಣಿಕೆಗಳ ಮೊತ್ತಕ್ಕೆ ಮರೆಯಾದ ಕೊಂಡಿಗಳ ಸಂಖ್ಯೆ ಕೂಡಿಸಿದರೆ ಮೂಲ ಕೊಂಡಿಗಳ ಸಂಖ್ಯೆ ಬರಲೇಬೇಕು. ಮೂರೂ ತೋಟ ಮಡಚಿದಾಗ ಗೆರೆಗಳು ಐದು, ಎಣಿಕೆ 2, 1, 1, 1, 1, ಮರೆಯಾದವು ಆರು, ಒಟ್ಟು 12. ಪಂಪ್ ಶೆಡ್ ಮಾತ್ರ ಮಡಚಿದಾಗ ಹನ್ನೊಂದು ಗೆರೆ, ಮರೆಯಾದದ್ದು 8 ಒಂದೇ. ನಡುವಿನ ತೋಟ ಮಾತ್ರ ಮಡಚಿದಾಗ ಒಂಬತ್ತು ಗೆರೆ, ಮರೆಯಾದವು ಮೂರು. ಇಡೀ ಬೈಲನ್ನು ಮಡಚಿದಾಗ ತೋಡಿಗೆ ಒಂದೇ ಗೆರೆ, ಅದರ ಮೇಲೆ 2, ಮರೆಯಾದವು ಹತ್ತು. ಪೆಟ್ಟಿಗೆಗಳನ್ನು ಮನಬಂದ ಕ್ರಮದಲ್ಲಿ ಮಡಚಿ ಬಿಚ್ಚುತ್ತಾ ಈ ಮೊತ್ತವನ್ನು ಪ್ರತಿ ಸಲ ನೋಡುವ ಚಿಕ್ಕ ಪರೀಕ್ಷೆಯನ್ನು ಬರೆದಿಟ್ಟುಕೊಳ್ಳಿ. ಕೊನೆಗೆ ಎಲ್ಲ ಬಿಚ್ಚಿದಾಗ ಮೊದಲಿನ ಚಿತ್ರ ಹಾಗೆಯೇ ಬರಬೇಕು.

ಗ್ರಾಮಸಭೆಗೆ ಒಯ್ಯುವ ಕಾಗದದ ಮೇಲೆ ಯಾರೂ ಪೆಟ್ಟಿಗೆಯನ್ನು ಒತ್ತಿ ಬಿಚ್ಚಲಾರರು. ತೋಟಗಳೆಲ್ಲ ಮಡಚಿದ ಒಂದು ಹಾಳೆ, ಪ್ರತಿ ತೋಟಕ್ಕೂ ಬಿಚ್ಚಿದ ಒಂದೊಂದು ಹಾಳೆ ಮುದ್ರಿಸಿ. ಮೊದಲ ಹಾಳೆಯಲ್ಲಿ ಪ್ರತಿ ಗೆರೆಗೂ ಅಕ್ಷರ ಕೊಟ್ಟು, ಅದರೊಳಗಿನ ಕೊಂಡಿಗಳ ಸಂಖ್ಯೆಗಳನ್ನು ಬದಿಯಲ್ಲಿ ಬರೆಯಿರಿ. ಅದೇ ಸಂಖ್ಯೆಗಳು ಉಳಿದ ಹಾಳೆಗಳಲ್ಲೂ ಇರಲಿ. ಹೆಸರುಗಳನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಹಾಕಲು ಪೆಟ್ಟಿಗೆಯ ತಲೆಪಟ್ಟಿಯಲ್ಲಿ ಎರಡು ಸಾಲಿನ ಜಾಗ ಮೊದಲೇ ಬಿಡಿ, ಇಲ್ಲವಾದರೆ ಎರಡನೆಯ ಸಾಲು ಬಂದಾಗ ಪೆಟ್ಟಿಗೆ ಎತ್ತರವಾಗಿ ಗೆರೆಗಳ ತುದಿಗಳೆಲ್ಲ ಮತ್ತೆ ಲೆಕ್ಕವಾಗಬೇಕಾಗುತ್ತದೆ.